ಎಲಿಸೆಯೊ ಹಾಕದ ಹಿಡಿಮಣ್ಣು

ನಮ್ಮ ಜನರಲ್ಲಿ ಶೆರೀಫನಾದ ಮೊದಲನೆಯವನು ನನ್ನ ತಮ್ಮ ಎಲಿಸೆಯೊ ತಾಫೋಯ. ಅದಕ್ಕೆ ಮುಂಚೆ ಕಳ್ಳರನ್ನು ಹಿಡಿದು ಜೈಲಿಗೆ ಹಾಕುವ ಆ ಅಧಿಕಾರದ ಗುರುತು, ತಗಡಿನ ನಕ್ಷತ್ರ, ಟೆಕ್ಸಸ್ಸಿನಿಂದ ದನ ಹೊಡೆದುಕೊಂಡು ಬಂದವರ ಎದೆಯ ಮೇಲೆಯೇ ಇರುತ್ತಿತ್ತು. ಜಿಲ್ಲೆಯ ತುಂಬ ನಾವೇ ಇದ್ದೆವು. ಕುರಿ ನಮ್ಮವು, ಕಾಲುವೆ ನಮ್ಮದು, ಚರ್ಚು ನಮ್ಮಜ್ಜಂದಿರು ಕಟ್ಟಿದ್ದು. ಆದರೂ ನಮ್ಮ ಕುರಿಗಾಹಿಯೊಬ್ಬ ಗುಂಡು ತಿಂದು ಸತ್ತರೆ, ಹೊಡೆದವರು ಯಾರೋ ತಿಳಿಯದು ಎಂದು ಹೇಳಿ ಮುಗಿಸುತ್ತಿದ್ದರು. ನಮ್ಮವನೊಬ್ಬ ಅವರ ಕರುವಿಗೆ ಕೈ ಹಚ್ಚಿದರೆ ಮಾತ್ರ ಯಾರೆಂಬುದು ಕೂಡಲೇ ತಿಳಿದುಬಿಡುತ್ತಿತ್ತು. ಮರ, ಹಗ್ಗ ಎರಡೂ ಹತ್ತಿರದಲ್ಲೇ ಸಿಗುತ್ತಿದ್ದವು.

ಎಲಿಸೆಯೊ ಮೊದಲು ಸರಕಿನ ಗಾಡಿ ಹೊಡೆಯುತ್ತಿದ್ದ. ಮಿಸೌರಿಯವರೆಗೆ ಹೋಗಿ ಬಂದವನು. ಅವರ ಮಾತು ಕಲಿತದ್ದು ಆ ದಾರಿಯಲ್ಲಿ, ಅವರ ಬೈಗುಳಗಳಿಂದ. ಚುನಾವಣೆಗೆ ನಿಲ್ಲುತ್ತೇನೆ ಎಂದಾಗ ಅಂಗಡಿ ಕಟ್ಟೆಯ ಮೇಲೆ ಕೂತವರು ನಕ್ಕಿದ್ದರು.

“ಎದೆ ಮೇಲೆ ನಕ್ಷತ್ರ ಇಟ್ಕೊಂಡ್ರೆ ಗುರಿ ಇಡೋನಿಗೆ ಸುಲಭ ಕಣಯ್ಯ. ಕತ್ತಲಲ್ಲೂ ಹೊಳೆಯುತ್ತೆ.”

“ಹೊಳೀಲಿ ಬಿಡಿ. ನನ್ನ ಕತ್ತೆಗಾದ್ರೂ ಮನೆ ದಾರಿ ಕಾಣ್ಸುತ್ತೆ,” ಅಂದಿದ್ದ ಅವನು.

ಗೆದ್ದ. ನಕ್ಕವರೇ ಓಟು ಹಾಕಿದ್ದರು.

ಗಂಡ ತೀರಿಕೊಂಡ ಮೇಲೆ ನಾನು ತಮ್ಮನ ಮನೆಯಲ್ಲೇ ಇದ್ದೆ. ಜೈಲು ಅಂದರೆ ನಮ್ಮ ಮನೆಯ ಹಿಂಗೋಡೆಗೆ ಅಂಟಿಕೊಂಡಂತೆ ಕಟ್ಟಿದ್ದ ಹಸಿ ಇಟ್ಟಿಗೆಯ ಎರಡು ಕೋಣೆ. ಅಲ್ಲಿಗೆ ಬಂದವರಿಗೆ ಬೇಯಿಸಿ ಹಾಕುವುದು ನನ್ನ ಪಾಲಿಗೆ ಬಂತು. ಕುಡಿದು ಬಿದ್ದವರು, ಇನ್ನೊಬ್ಬರ ಸರದಿಯ ನೀರು ಕದ್ದವರು, ಹೆಂಡತಿಗೆ ಹೊಡೆದವರು. ಹೆಂಡತಿಗೆ ಹೊಡೆದವರ ಕಾಳಿಗೆ ಒಂದು ಹಿಡಿ ಮೆಣಸಿನಕಾಯಿ ಜಾಸ್ತಿ ಹಾಕುತ್ತಿದ್ದೆ. ತಮ್ಮನಿಗೆ ಅದು ಗೊತ್ತಿತ್ತು.

ಆ ವಸಂತದಲ್ಲಿ, ಕುರಿಗಳು ಮರಿ ಹಾಕುವ ಹೊತ್ತಿಗೆ, ನೆಸ್ತೋರ್ ಲುಹಾನ್‌ನನ್ನು ಕೊಂದರು. ಕಾಸಿಮಿರೊ ಲುಹಾನ್‌ನ ಎರಡನೆಯ ಮಗ. ಬೆಟ್ಟದಾಚೆಯ ಒರತೆಯ ಬಳಿ ಅವನ ಹಿಂಡು ಇಳಿದಿತ್ತು. ದನದ ಕ್ಯಾಂಪಿನ ಸವಾರ, ಹಾರ್ಗಿಸ್ ಎಂಬವನು, ಬಂದು ಜಾಗ ಬಿಡು ಅಂದ. ಕುರಿ ಮರಿ ಹಾಕುತ್ತಿವೆ, ಈಗ ಎಬ್ಬಿಸಿದರೆ ತಾಯಿ ಮರಿಯನ್ನು ಬಿಟ್ಟು ಹೋಗುತ್ತದೆ, ನಾಳೆ ಬಿಡುತ್ತೇನೆ ಅಂದ ನೆಸ್ತೋರ್. ಕೈಯಲ್ಲಿ ಆಗತಾನೆ ಹುಟ್ಟಿದ ಮರಿ ಇತ್ತಂತೆ. ಹಾರ್ಗಿಸ್ ಕುದುರೆಯ ಮೇಲಿಂದಲೇ ಹೊಡೆದ. ಇದನ್ನು ಮೇಲಿನ ಬಂಡೆಯ ಹತ್ತಿರ ಇನ್ನೊಂದು ಹಿಂಡು ಮೇಯಿಸುತ್ತಿದ್ದ ಲಿಬ್ರಾದೊ ಕಣ್ಣಾರೆ ನೋಡಿದ. ಲಿಬ್ರಾದೊ ಕಾಸಿಮಿರೊನ ತಮ್ಮನ ಮಗ, ಮೀಸೆ ಬಲಿತ ಗಂಡಸು, ಸಿಟ್ಟು ಮೂಗಿನ ತುದಿಯಲ್ಲಿ.

ಎಲಿಸೆಯೊ ಒಬ್ಬನೇ ಆ ಕ್ಯಾಂಪಿಗೆ ಹೋದ. ಅವರೆಲ್ಲ ಬೆಳಗಿನ ಕಾಫಿ ಕುಡಿಯುತ್ತಿದ್ದರಂತೆ. ಇವನು ಕುದುರೆ ಇಳಿದು, ನನಗೂ ಒಂದು ಲೋಟ ಕೊಡಿ ಅಂದ. ಕೊಟ್ಟರು. ಪೂರ್ತಿ ಕುಡಿದು, ಲೋಟವನ್ನು ಮರಳಲ್ಲಿ ತಿಕ್ಕಿ ತೊಳೆದು ಇಟ್ಟು, ಯಜಮಾನನಿಗೆ ಹೇಳಿದ:

“ಇವನನ್ನ ಕರ್ಕೊಂಡು ಹೋಗ್ತೀನಿ. ಬೇಡ ಅಂದ್ರೆ ನನ್ನನ್ನ ಇಲ್ಲೇ ಹೂಳಬೇಕಾಗುತ್ತೆ. ನನ್ನ ಹಿಂದೆ ಬರೋನು ಕಾಫಿ ಕೇಳ್ಕೊಂಡು ಕೂರಲ್ಲ.”

ಯಜಮಾನ ನಕ್ಕ. “ಕರ್ಕೊಂಡು ಹೋಗು. ನಿಮ್ಮ ಕುರಿಗಾಹಿಗಳಲ್ಲಿ ಕೋರ್ಟಿಗೆ ಬಂದು ಬಾಯಿ ಬಿಡೋ ಗಂಡಸು ಯಾರಿದ್ದಾನೆ? ತಿಂಗಳಾಗೋದ್ರಲ್ಲಿ ವಾಪಸ್ ಬರ್ತಾನೆ.”

ಹಾರ್ಗಿಸ್‌ನೂ ಹಾಗೇ ಅಂದುಕೊಂಡಿದ್ದ. ಜೈಲಿನ ಗೋಡೆ ತಟ್ಟಿ ನೋಡಿ, ಹಲ್ಲು ಕಿಸಿದು, ತಮ್ಮನಿಗೆ ಏನೋ ಹೇಳಿದ.

“ಏನಂತೆ?” ಅಂದೆ.

“ಮಣ್ಣಿನ ಜೈಲಂತೆ. ಉಚ್ಚೆ ಹೊಯ್ದ್ರೆ ಬಿದ್ದುಹೋಗುತ್ತಂತೆ.”

“ಹೊಯ್ದು ನೋಡು ಅನ್ನು. ಅಲ್ಲೇ ಮಲಗೋನು ಅವನೇ ತಾನೆ.”

ತಮ್ಮ ಅದನ್ನೂ ಅವರ ಮಾತಿನಲ್ಲಿ ಹೇಳಿದ. ಹಾರ್ಗಿಸ್ ನಗಲಿಲ್ಲ.

ಅಂದು ಸಂಜೆ ಒಲೆಯ ಮುಂದೆ ಕೂತು ಎಲಿಸೆಯೊ ನನಗೆ ಹೇಳಿದ್ದನ್ನು ಮರೆತಿಲ್ಲ. “ಅಕ್ಕ, ಇವನು ಜೀವಂತವಾಗಿ ನ್ಯಾಯಾಧೀಶರ ಮುಂದೆ ನಿಲ್ಲಬೇಕು. ನಮ್ಮೋನು ಒಬ್ಬ ಎದುರಿಗೆ ನಿಂತು, ಇವನೇ ಕೊಂದದ್ದು ಅಂತ ಹೇಳಬೇಕು. ಒಂದೇ ಒಂದು ಸಲ ಹಾಗಾಗ್ಲಿ. ಆಮೇಲೆ ಇನ್ನೊಂದು ಸಲ ಆಗೋದು ಕಷ್ಟ ಅಲ್ಲ. ಇವನು ನಮ್ಮ ಕೈಯಲ್ಲೇ ಸತ್ತ ಅಂದ್ಕೋ, ನಕ್ಷತ್ರ ಹೋಗಿ ಅವರ ಎದೆ ಮೇಲೆ ಕೂರುತ್ತೆ. ಜೊತೆಗೆ ಊರಿಗೆ ಬೆಂಕಿ.”

“ನ್ಯಾಯಾಧೀಶರು ಬರೋದು ಯಾವಾಗ?”

“ಉಣ್ಣೆ ಕತ್ತರಿಸೋ ಹೊತ್ತಿಗೆ.”

ಅಲ್ಲಿಯವರೆಗೆ ಕಾಯುವವರು ಯಾರು? ಊರೆಲ್ಲ ಕುದಿಯುತ್ತಿತ್ತು. ಅದೂ ಅಲ್ಲದೆ, ನೆಸ್ತೋರ್ ಬೇರೆ ಯಾರೋ ಅಲ್ಲ. ದೀಕ್ಷಾಸ್ನಾನದ ದಿನ ಅವನನ್ನು ಕೈಯಲ್ಲಿ ಹಿಡಿದವನು ಎಲಿಸೆಯೊನೇ. ಅವನಿಗೆ ಇವನು ಧರ್ಮದ ಅಪ್ಪ. ಅಂದಿನಿಂದ ಕಾಸಿಮಿರೊ, ಎಲಿಸೆಯೊ ಒಬ್ಬರಿಗೊಬ್ಬರು ಕೊಂಪಾದ್ರೆ. ಒಡಹುಟ್ಟಿದವರು ಜಗಳವಾಡಬಹುದು, ಕೊಂಪಾದ್ರೆಗಳು ಆಡುವಂತಿಲ್ಲ. ಚಿಕ್ಕಂದಿನಲ್ಲಿ ಒಂದೇ ಹಳ್ಳದಲ್ಲಿ ಬತ್ತಲೆ ಈಜಿದವರು, ಆ ದಿನದಿಂದ ಒಬ್ಬರನ್ನೊಬ್ಬರು ನೀವು ಅನ್ನಲು ಶುರುಮಾಡಿದರು. ನಮ್ಮಲ್ಲಿ ಹಾಗೇ.

ಧರ್ಮದ ಮಗ ಮೊದಲು ಸತ್ತರೆ ಧರ್ಮದ ಅಪ್ಪನಿಗೆ ಮೂರು ಕೆಲಸ. ಹೊದಿಸುವ ಬಟ್ಟೆ ಅವನು ತರಬೇಕು. ಶಿಲುಬೆ ಹಿಡಿದು ಶವದ ಮುಂದೆ ಅವನು ನಡೆಯಬೇಕು. ಗುಂಡಿಗೆ ಮೊದಲ ಹಿಡಿಮಣ್ಣು ಅವನದು. ಆ ಹಿಡಿ ಬೀಳುವವರೆಗೆ ಸತ್ತವನು ಇನ್ನೂ ಹೊರಟಿಲ್ಲವೆಂದೇ ಲೆಕ್ಕ. ಅಲ್ಲಿಯವರೆಗೆ ಆ ಮನೆಯವರಾಗಲಿ, ಅವರಿಗಾಗಿ ಬೇರೆಯವರಾಗಲಿ ಯಾರ ಮೇಲೂ ಕೈ ಎತ್ತಬಾರದು. ಎತ್ತಿದರೆ ಆ ಏಟು ಹೋಗಿ ಸತ್ತವನಿಗೇ ಬೀಳುತ್ತದೆ ಎಂದು ನಮ್ಮ ಹಿರಿಯರು ನಂಬಿದ್ದರು. ನಾನೂ ನಂಬುತ್ತೇನೆ.

ಶವವನ್ನು ಮನೆಯಲ್ಲಿ ಇಟ್ಟಿದ್ದ ದಿನ ಮಧ್ಯಾಹ್ನ ಕಾಸಿಮಿರೊ ನಮ್ಮ ಅಂಗಳಕ್ಕೆ ಬಂದ. ಟೋಪಿ ಕೈಯಲ್ಲಿತ್ತು. ನಾನು ಗಂಜಿ ಕೊಟ್ಟೆ, ಮುಟ್ಟಲಿಲ್ಲ.

“ಕೊಂಪಾದ್ರೆ, ಬಟ್ಟೆ ಚೆನ್ನಾಗಿದೆ. ಅವರಮ್ಮ ಹೊದಿಸಿದ್ಲು,” ಅಂದ.

“ಅಷ್ಟಾದರೂ ನನ್ನ ಕೈಲಿ ಆಯ್ತಲ್ಲ,” ಅಂದ ಎಲಿಸೆಯೊ.

“ಇನ್ನೊಂದು ಕೇಳೋಕೆ ಬಂದೆ. ನಾಳೆ ಮಣ್ಣಾದ್ಮೇಲೆ ಆ ಕೋಣೆ ಕೀಲಿ ನನಗೆ ಕೊಡಿ.”

“ಅದೊಂದು ಕೇಳಬೇಡಿ.”

“ನಾನು ನಿಮ್ಮನ್ನ ಇದುವರೆಗೆ ಏನೂ ಕೇಳಿಲ್ಲ.”

“ಇಲ್ಲ, ಕೇಳಿಲ್ಲ.”

“ನಮ್ಮ ಮಗುವಿನ ತಲೆ ಮೇಲೆ ಬಿದ್ದ ನೀರಿನ ಆಣೆ, ಕೊಡಿ.”

ಆ ಆಣೆ ಇಟ್ಟರೆ ಇಲ್ಲ ಅನ್ನುವುದಿಲ್ಲ ಯಾರೂ. ತಮ್ಮ ತಲೆ ಎತ್ತಿದ.

“ಆ ನೀರಿನ ಆಣೆಗೇ ಕೊಡಲ್ಲ, ಕೊಂಪಾದ್ರೆ. ನಾವು ಅವನನ್ನ ಕಟ್ಟಿಹಾಕಿ ಕೊಂದ್ರೆ ನೆಸ್ತೋರ್ ಒಂದು ಜಗಳದಲ್ಲಿ ಸತ್ತೋನಾಗ್ತಾನೆ. ಅವರೋನೊಬ್ಬ, ನಮ್ಮೋನೊಬ್ಬ, ಲೆಕ್ಕ ಸರಿಹೋಯ್ತು ಅಂತಾರೆ. ನನ್ನ ಮಗ ಜಗಳದಲ್ಲಿ ಸಾಯಲಿಲ್ಲ. ಅವನನ್ನ ಕೊಲೆ ಮಾಡಿದ್ರು. ಅದನ್ನ ಅವರ ನ್ಯಾಯಾಧೀಶನ ಬಾಯಲ್ಲೇ ಹೇಳಿಸ್ಬೇಕು.”

“ಅವರ ನ್ಯಾಯ!” ಕಾಸಿಮಿರೊ ಉಗಿದ. “ಆ ತಗಡು ಕಟ್ಕೊಂಡ ಮೇಲೆ ನಿನ್ನ ಕಿವಿ ಆ ಕಡೆಗೇ ತಿರುಗಿದೆ ಕಣೋ ಎಲಿಸೆಯೊ.”

ನಿನ್ನ ಅಂದ. ಇಪ್ಪತ್ತು ವರ್ಷದ ಮೇಲೆ ಮೊದಲ ಸಲ. ಕಾಸಿಮಿರೊ ತಾನೇ ಬೆಚ್ಚಿದ, ಟೋಪಿ ಹಾಕಿಕೊಂಡು ಹೊರಟುಹೋದ.

ಅದಾಗಿ ಸ್ವಲ್ಪ ಹೊತ್ತಿಗೆ ನಾನು ಕಾಲುವೆಗೆ ಬಟ್ಟೆ ಒಗೆಯಲು ಹೋದೆ. ಲಿಬ್ರಾದೊನ ಹೆಂಡತಿ ದಾಮಿಯಾನಾ ಪಕ್ಕದ ಕಲ್ಲಿನ ಮೇಲಿದ್ದಳು. ಕಣ್ಣು ಬಟ್ಟೆಯ ಮೇಲೆ, ಮಾತು ನನಗೆ.

“ಎದುವಿಗೆನ್ ಅತ್ತೆ, ನಾಳೆ ನಿಮ್ಮನೆ ಹಿತ್ತಲಲ್ಲಿ ಬಟ್ಟೆ ಒಣಹಾಕಬೇಡಿ.”

“ಯಾಕೆ ತಾಯಿ?”

“ಶವ ಚರ್ಚಿಂದ ಹೊರಟ ಮೇಲೆ ಧೂಳೇಳುತ್ತೆ. ಹಸಿ ಇಟ್ಟಿಗೆ ಗೋಡೆಗೆ ಎರಡು ಎತ್ತು ಸಾಕಂತೆ.”

“ಮಣ್ಣಾಗೋಕೆ ಮುಂಚೇನಾ? ಏಟು ಯಾರಿಗೆ ಬೀಳುತ್ತೆ ಅಂತ ಮರೆತ್ರಾ?”

“ಕೆಡವೋದು ಮಾತ್ರ ಮುಂಚೆ. ಕೈಕಾಲು ಕಟ್ಟಿ ಇಟ್ಕೊಂಡಿರ್ತಾರಂತೆ. ಮಿಕ್ಕಿದ್ದು ಆಮೇಲೆ.” ಅವಳು ಬಟ್ಟೆ ಹಿಂಡಿ ಎದ್ದಳು. “ನಾನೇನೂ ಹೇಳ್ಲಿಲ್ಲ.”

ಎಲಿಸೆಯೊ ಶವದ ಮುಂದೆ ನಡೆಯಬೇಕು. ಅವನಿಗೆ ಕೈಕೆಳಗಿನವರು ಇಬ್ಬರಿದ್ದರು. ಇಬ್ಬರೂ ಲುಹಾನರ ನೆಂಟರು, ಇಬ್ಬರೂ ಅಂದು ಹೊಟ್ಟೆನೋವು ಅಂದಿದ್ದರು. ಅವನು ಜೈಲು ಕಾಯುತ್ತ ಕೂತರೆ ಮಗನನ್ನು ಒಂಟಿಯಾಗಿ ಕಳಿಸಿದ ಹಾಗೆ. ಅಂಥವನಿಗೆ ಮುಂದೆ ಊರಲ್ಲಿ ನೀರು ಕೊಡುವವರೂ ಇರುವುದಿಲ್ಲ, ಅವನ ಮಾತಿಗೆ ಸಾಕ್ಷಿ ಹೇಳುವವರಂತೂ ಇಲ್ಲವೇ ಇಲ್ಲ. ಹೋದರೆ ಗೋಡೆ ಬೀಳುತ್ತದೆ.

ಮನೆಗೆ ಬಂದು ತಮ್ಮನಿಗೆ ಎಲ್ಲ ಹೇಳಿ, “ಏನ್ ಮಾಡ್ತೀಯೋ?” ಅಂದೆ.

“ಎರಡೂ ಮಾಡ್ತೀನಿ.”

“ಎರಡು ಮೈ ಇದೆಯಾ ನಿನಗೆ?”

“ಬೇಡಿಗೆ ಎರಡು ಬಳೆ ಇದೆಯಲ್ಲಕ್ಕ.”

ನನಗೆ ಆಗ ಅರ್ಥವಾಗಲಿಲ್ಲ. ಬೆಳಿಗ್ಗೆ ಅರ್ಥವಾಯಿತು. ಹಾರ್ಗಿಸ್‌ನನ್ನು ಹೊರಗೆ ತಂದು, ಬೇಡಿಯ ಒಂದು ಬಳೆ ಅವನ ಎಡಗೈಗೆ, ಇನ್ನೊಂದು ತನ್ನ ಬಲಗೈಗೆ ಹಾಕಿಕೊಂಡ. ಕೀಲಿಯನ್ನು ನನ್ನ ಕೈಗೆ ಕೊಟ್ಟ. ಸೊಂಟದ ಪಟ್ಟಿ ಬಿಚ್ಚಿ ಪಿಸ್ತೂಲನ್ನು ಹಿಟ್ಟಿನ ಪೆಟ್ಟಿಗೆಯಲ್ಲಿ ಇಟ್ಟ.

“ಬಲಗೈ ಯಾಕೋ? ಏನಾದ್ರೂ ಆದ್ರೆ?”

“ಬಲಗೈ ಬಿಡುವಾಗಿದ್ರೆ ಬಂದೂಕಿನ ಕಡೆ ಹೋಗುತ್ತೆ, ಅದಕ್ಕೇ.”

ಹಾರ್ಗಿಸ್‌ನಿಗೆ ಎಲ್ಲಿಗೆ ಎಂದು ತಿಳಿದಾಗ ಅವನು ನೆಲಕ್ಕೆ ಕೂತೇಬಿಟ್ಟ. ಬರುವುದಿಲ್ಲ, ನನ್ನನ್ನು ಸಾಯಿಸುತ್ತಾರೆ ಎಂದು ಕೂಗಾಡಿದ. ತಮ್ಮ ಬಾಗಿ ಅವನ ಕಿವಿಯಲ್ಲಿ ಮೆಲ್ಲಗೆ ಏನೋ ಅಂದ. ಆಮೇಲೆ ಕೇಳಿದಾಗ ನನಗೆ ಹೇಳಿದ್ದು ಇದು: “ಈ ಊರಲ್ಲಿ ಇವತ್ತು ನಿನ್ನ ಜೀವ ಉಳಿಯೋ ಜಾಗ ಒಂದೇ, ನೀನು ಕೊಂದೋನ ಪಕ್ಕ. ಎದ್ದೇಳು. ಟೋಪಿ ತೆಗಿ.”

ಚರ್ಚಿನ ಮುಂದೆ ಜನ ಇವರಿಬ್ಬರನ್ನೂ ನೋಡಿದಾಗ ಎದ್ದ ಸದ್ದು ಹೇಗಿತ್ತೆಂದರೆ, ತೋಳ ಬಂದಾಗ ಹಿಂಡು ಒಟ್ಟಿಗೆ ನೆಲ ತುಳಿಯುತ್ತದಲ್ಲ, ಹಾಗೆ. ನೆಸ್ತೋರ್‌ನ ತಾಯಿಯನ್ನು ಇಬ್ಬರು ಹೆಂಗಸರು ಹಿಡಿದುಕೊಂಡರು. ಲಿಬ್ರಾದೊ ಎತ್ತುಗಳ ಹಗ್ಗ ಹಿಡಿದು ಚರ್ಚಿನ ಪಕ್ಕದ ಸಂದಿಯಲ್ಲಿ ನಿಂತಿದ್ದ. ನೋಡಿ ಹಗ್ಗ ಕೈಬಿಟ್ಟ. ಖಾಲಿ ಜೈಲು ಕೆಡವಿ ಏನು ಮಾಡುತ್ತಾನೆ?

ಕಾಸಿಮಿರೊ ಹತ್ತಿರ ಬಂದ. “ಇವನನ್ನ ನನ್ನ ಮಗನ ಮುಂದೆ ನಡೆಸ್ತೀರಾ?”

“ನಾನು ನಡೀಬೇಕು, ಕೊಂಪಾದ್ರೆ. ಇವನು ನನ್ನ ಕೈಲಿದ್ದಾನೆ. ನಡೀಬೇಡ ಅಂದ್ರೆ ಹೇಳಿ, ಶಿಲುಬೆ ನಿಮ್ಮ ಕೈಗೆ ಕೊಟ್ಟು ಹೋಗ್ತೀನಿ.”

ಧರ್ಮದ ಅಪ್ಪನಿಗೆ ನಡೆಯಬೇಡ ಎಂದು ಯಾವ ತಂದೆ ಹೇಳುತ್ತಾನೆ? ಕಾಸಿಮಿರೊ ಮುಖ ತಿರುಗಿಸಿದ. ಪಾದ್ರಿಯ ಬದಲು ಇಂಥ ಕಾರ್ಯ ನಡೆಸುವ ನಮ್ಮೂರ ಗಂಡಸರು, ಪ್ರಾರ್ಥನಾ ಮನೆಯ ಸಹೋದರರು, ಹಾಡು ಎತ್ತಿದರು. ಪಾದ್ರಿಗಳು ನಮ್ಮ ಕಡೆ ಬರುತ್ತಿದ್ದುದು ವರ್ಷಕ್ಕೆ ಒಂದೆರಡು ಸಲ. ಹುಟ್ಟು ಸಾವು ಅವರಿಗೆ ಕಾಯುವುದಿಲ್ಲವಲ್ಲ.

ಹೊರಟೆವು. ಎಲಿಸೆಯೊ ಎಡಗೈಯಲ್ಲಿ ಶಿಲುಬೆ, ಬಲಗೈಯಲ್ಲಿ ಹಾರ್ಗಿಸ್. ಹಿಂದೆ ಶವದ ಪೆಟ್ಟಿಗೆ. ದಾರಿಯಲ್ಲಿ ಹೊತ್ತವರು ಹೆಗಲು ಬದಲಿಸಲು ಪೆಟ್ಟಿಗೆ ಇಳಿಸುವ ಕಡೆಯಲ್ಲೆಲ್ಲ ನಾವು ಒಂದು ಕಡ್ಡಿ ಶಿಲುಬೆ ನೆಟ್ಟು, ಕಲ್ಲು ಒಟ್ಟಿ, ಪ್ರಾರ್ಥನೆ ಹೇಳುತ್ತೇವೆ. ಮೊದಲನೆಯ ಕಡೆ ಇಳಿಸಿದಾಗ ಒಬ್ಬ ಮುದುಕಿ ಬಂದು ಹಾರ್ಗಿಸ್‌ನ ಬೂಟಿನ ಮುಂದೆ ಉಗಿದಳು. ಎರಡನೆಯ ಕಡೆ ಲಿಬ್ರಾದೊ ನನ್ನ ತಮ್ಮನ ಪಕ್ಕಕ್ಕೆ ಬಂದು ನಿಂತ.

“ಗುಂಡಿ ತುಂಬಲಿ ಶೆರೀಫರೇ. ಆಮೇಲೆ ನೀವು, ಇವನು, ನಿಮ್ಮ ಬೇಡಿ.”

“ಸರಿ ಕಣಪ್ಪ,” ಅಂದ ಎಲಿಸೆಯೊ. “ಈಗ ಹಾಡು. ನೆಸ್ತೋರ್‌ಗೆ ನಿನ್ನ ದನಿ ಇಷ್ಟ ಇತ್ತು.”

ಲಿಬ್ರಾದೊ ಹೋಗಿ ಪೆಟ್ಟಿಗೆಗೆ ಹೆಗಲು ಕೊಟ್ಟ. ಹಾಡಲಿಲ್ಲ.

ನನಗೆ ಮಾತ್ರ ಒಂದೇ ಯೋಚನೆ. ಗುಂಡಿಯವರೆಗೆ ಸರಿ. ಹಿಡಿಮಣ್ಣು ಬಿದ್ದ ಮೇಲೆ? ಸ್ಮಶಾನದ ಗೋಡೆಯ ಹತ್ತಿರ ಬಂದೂಕುಗಳನ್ನು ಒರಗಿಸಿಟ್ಟಿದ್ದು ಕಾಣುತ್ತಿತ್ತು. ಯಾರೂ ಮುಚ್ಚಿಡಲೂ ಇಲ್ಲ. ಬೇಡಿಯ ಕೀಲಿ ನನ್ನ ಕೈಯಲ್ಲೇ ಇತ್ತು. ಕೊನೆಯ ಗಳಿಗೆಯಲ್ಲಿ ಬಿಚ್ಚಿ ತಮ್ಮನನ್ನು ಎಳೆದುಕೊಂಡು ಹೋಗಿಬಿಡಲೇ ಎಂದೂ ಅಂದುಕೊಂಡೆ. ಅವನು ಬರುವವನಲ್ಲ.

ಗುಂಡಿಗೆ ಪೆಟ್ಟಿಗೆ ಇಳಿಸಿದರು. ಹಗ್ಗ ಮೇಲೆ ಬಂತು. ಹಾಡು ನಿಂತಿತು. ಎಲ್ಲರೂ ಎಲಿಸೆಯೊನ ಕೈ ನೋಡುತ್ತಿದ್ದರು.

ಅವನು ಶಿಲುಬೆಯನ್ನು ಗುಂಡಿಯ ತಲೆಯ ಕಡೆ ಚುಚ್ಚಿ ನಿಲ್ಲಿಸಿ ಮಂಡಿಯೂರಿದ. ಮಣ್ಣಿಗೆ ಬಲಗೈಯನ್ನೇ ಹಾಕಿದ. ಬೇಡಿಯ ಜೊತೆ ಹಾರ್ಗಿಸ್‌ನ ಕೈಯೂ ಹೋಯಿತು, ಅವನೂ ಬಾಗಲೇಬೇಕಾಯಿತು. ಅವನ ಬೆರಳು ಮಣ್ಣಿಗೆ ತಾಗಿದಾಗ ಹಿಂದಕ್ಕೆ ಎಳೆದುಕೊಂಡ, ಬೇಡಿ ಬಿಡಲಿಲ್ಲ. ತಮ್ಮ ಒಂದು ಹಿಡಿ ತುಂಬಿಕೊಂಡು ಎದ್ದ. ಗುಂಡಿಯ ಮೇಲೆ ಕೈ ಚಾಚಿದ.

ಆಮೇಲೆ ಕೈ ಹಿಂದಕ್ಕೆ ತಂದು, ಎಡಗೈಯಿಂದ ತನ್ನ ಕತ್ತಿನಲ್ಲಿದ್ದ ಹೊಗೆಸೊಪ್ಪಿನ ಚರ್ಮದ ಚೀಲ ಬಿಚ್ಚಿ, ಸೊಪ್ಪನ್ನು ಗಾಳಿಗೆ ಸುರಿದು, ಆ ಮಣ್ಣನ್ನು ಅದರಲ್ಲಿ ತುಂಬಿ ದಾರ ಬಿಗಿದ.

“ಇದು ನನ್ನ ಹಿಡಿ,” ಅಂದ. ದೊಡ್ಡ ದನಿಯೇನೂ ಅಲ್ಲ. “ನಿಮ್ಮ ನಿಮ್ಮ ಹಿಡಿ ನೀವು ಹಾಕಿ, ಗುಂಡಿ ಮುಚ್ಚಿ, ಮಗು ಗಾಳಿಗೆ ಬಿದ್ದಿರೋದು ಬೇಡ. ನನ್ನದು ಬಾಕಿ ಇರುತ್ತೆ. ನ್ಯಾಯಾಧೀಶರು ತೀರ್ಪು ಹೇಳಿದ ದಿನ ಬಂದು ಹಾಕ್ತೀನಿ. ಅಲ್ಲೀವರೆಗೆ ನೆಸ್ತೋರ್ ಇನ್ನೂ ಹೊರಟಿಲ್ಲ. ಕೈ ಎತ್ತೋರು ಎತ್ತಿ. ಏಟು ಯಾರಿಗೆ ಬೀಳುತ್ತೆ ಅಂತ ನಿಮಗೆ ಗೊತ್ತು.”

“ಇದು ಮೋಸ!” ಲಿಬ್ರಾದೊ ಕಿರುಚಿದ. “ಹೀಗೆಲ್ಲಾ ಎಲ್ಲೂ ಇಲ್ಲ! ದೊಡ್ಡಪ್ಪ, ಹೇಳು ಅವನಿಗೆ! ಹಿಡಿಮಣ್ಣನ್ನ ಜೇಬಿಗೆ ಹಾಕ್ಕೊಂಡು ಹೋಗೋದು ಎಲ್ಲಾದ್ರೂ ಉಂಟಾ?”

ಇಲ್ಲ, ಹಿಂದೆ ಯಾರೂ ಹಾಗೆ ಮಾಡಿರಲಿಲ್ಲ. ಆದರೆ ಮಾಡಬಾರದು ಎಂದು ಹೇಳಿದವರೂ ಇರಲಿಲ್ಲ. ಪ್ರಾರ್ಥನಾ ಮನೆಯ ಸಹೋದರರಲ್ಲಿ ಹಿರಿಯನು ಕಾಸಿಮಿರೊನೇ. ಇಂಥ ಮಾತಿಗೆ ಕೊನೆಯ ಮಾತು ಅವನದು. ಎಲ್ಲ ಅವನ ಕಡೆ ತಿರುಗಿದರು. ಅವನು ಗುಂಡಿ ನೋಡಿದ, ಗೋಡೆಗೊರಗಿದ ಬಂದೂಕು ನೋಡಿದ, ಆ ಚೀಲ ನೋಡಿದ. ಅವನು ಮೋಸ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನನ್ನ ತಮ್ಮನೂ ಮುಗಿಯುತ್ತಿದ್ದ.

“ಹಿಡಿ ಬಿದ್ದಿಲ್ಲ,” ಅಂದ ಕಾಸಿಮಿರೊ.

“ದೊಡ್ಡಪ್ಪಾ...”

“ಬಿತ್ತಾ? ನೋಡಿದ್ಯಾ ನೀನು? ಬಿದ್ದಿಲ್ಲ. ಮನೆಗೆ ಹೋಗಿ ಎಲ್ಲರೂ.” ಆಮೇಲೆ ನನ್ನ ತಮ್ಮನಿಗೆ, “ನೀವೂ ಹೋಗಿ. ನನ್ನ ಕಣ್ಣೆದುರಿಗೆ ನಿಲ್ಲಬೇಡಿ.”

ಮಣ್ಣು ಮುಚ್ಚಿದರು. ನಾವು ಮೂವರೂ ಮನೆಗೆ ಬಂದೆವು. ಬೇಡಿ ಬಿಚ್ಚುವಾಗ ಕೀಲಿ ಸುಲಭಕ್ಕೆ ತೂರಲಿಲ್ಲ. ಕಡೆಗೆ ಹಾರ್ಗಿಸ್‌ನೇ ತನ್ನ ಕೈ ಅಲ್ಲಾಡದಂತೆ ಹಿಡಿದು ನಿಂತ. ಅಂದಿನಿಂದ ಅವನು ಗೋಡೆಯ ವಿಷಯ ಎತ್ತಲಿಲ್ಲ.

ಆ ವಾರಗಳು ಹೇಗೆ ಕಳೆದವೋ. ಯಾರೂ ಕೈ ಎತ್ತಲಿಲ್ಲ, ಹಾಗೆಂದು ಯಾರೂ ಬಾಯಿಬಿಟ್ಟು ಮಾತಾಡಲೂ ಇಲ್ಲ. ಕಾಲುವೆಯಲ್ಲಿ ನಾನು ಇಳಿದರೆ ಹೆಂಗಸರು ಎದ್ದು ಹೋಗುತ್ತಿದ್ದರು. ನಮ್ಮ ಹೊಲಕ್ಕೆ ನೀರಿನ ಸರದಿ ಬಂದಾಗ ಯಾರೋ ಮೇಲುಗಡೆ ಕಲ್ಲು ಅಡ್ಡ ಇಟ್ಟಿರುತ್ತಿದ್ದರು. ಎಲಿಸೆಯೊ ಹೋಗಿ ಕಲ್ಲು ತೆಗೆದು ಬರುತ್ತಿದ್ದ, ಯಾರೆಂದು ಕೇಳುತ್ತಿರಲಿಲ್ಲ. ಚೀಲ ಅವನ ಕತ್ತಿನಲ್ಲೇ ಇತ್ತು. ಮಲಗುವಾಗಲೂ ತೆಗೆಯಲಿಲ್ಲ. ನೆಸ್ತೋರ್‌ನ ತಾಯಿ ದಿನಾ ಸಂಜೆ ನಮ್ಮ ಬಾಗಿಲ ಮುಂದೆ ಹಾದುಹೋಗುವಾಗ ಅದನ್ನೇ ನೋಡುತ್ತಿದ್ದಳು. ಆ ನೋಟಕ್ಕೆ ನನ್ನ ತಮ್ಮ ಎದ್ದು ನಿಲ್ಲುತ್ತಿದ್ದ, ಅವಳು ಹೋಗುವವರೆಗೂ ಕೂರುತ್ತಿರಲಿಲ್ಲ.

ಒಂದು ದಿನ ಎಲಿಸೆಯೊ ಕುರಿಹಟ್ಟಿಗೆ ಹೋಗಿ ಲಿಬ್ರಾದೊನ ಮುಂದೆ ಕೂತ. ಉಣ್ಣೆ ಕತ್ತರಿಸುವ ಕೆಲಸ ನಡೆದಿತ್ತು. ನಾನು ಊಟದ ಗಂಟು ಹೊತ್ತು ಹೋಗಿದ್ದೆ, ಹೆಂಗಸರ ಜೊತೆ.

“ಕೋರ್ಟಲ್ಲಿ ಹೇಳ್ತೀಯಾ?” ಅಂದ.

“ನನ್ನ ಬಂದೂಕು ಹೇಳುತ್ತೆ.”

“ಅದಕ್ಕೆ ಒಂದೇ ಮಾತು ಬರುತ್ತೆ, ಅದನ್ನ ಅವರು ನಮಗಿಂತ ಚೆನ್ನಾಗಿ ಆಡ್ತಾರೆ. ನಿನಗೆ ಬೇರೆ ಮಾತು ಬರುತ್ತಲ್ಲ. ನೋಡಿದ್ದು ನೀನೊಬ್ಬನೇ. ನೀನು ಬರಲ್ಲ ಅಂದ್ರೆ ಅವನ ಯಜಮಾನ ಅಂದದ್ದೇ ನಿಜವಾಗುತ್ತೆ.”

“ಏನಂದ ಅವನು?”

“ನಮ್ಮಲ್ಲಿ ಬಾಯಿ ಬಿಡೋ ಗಂಡಸು ಯಾರೂ ಇಲ್ಲ ಅಂದ. ನಾನು ಜವಾಬು ಕೊಡಲಿಲ್ಲ. ಹಾರ್ಗಿಸ್‌ನನ್ನ ಕರ್ಕೊಂಡು ಬಂದೆ.”

ಲಿಬ್ರಾದೊ ಕತ್ತರಿ ಕೆಳಗಿಟ್ಟ. ಅರ್ಧ ಬೋಳಾದ ಕುರಿ ಅವನ ಮಂಡಿಯಡಿಯಿಂದ ಜಿಗಿದು ಓಡಿತು. ಸುತ್ತ ಇದ್ದವರು ನಕ್ಕರು. ಅವನು ಅವರನ್ನು ಬೈದು ಕುರಿಯ ಹಿಂದೆ ಓಡಿದ.

ಕೋರ್ಟಿನ ದಿನ ಲಿಬ್ರಾದೊ ಬಂದ. ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಎದುರಾಳಿಯ ವಕೀಲ ಅವನನ್ನು ಹೇಗೆ ಹೇಗೋ ತಿರುಗಿಸಿ ಕೇಳಿದ, ಹೆದರಿಸಿದ, ನಗಿಸಿದ. ಆ ಕ್ಯಾಂಪಿನವರು ಹಿಂದಿನ ಬೆಂಚಿನಲ್ಲಿ ಕೂತು ಅವನನ್ನೇ ನೋಡುತ್ತಿದ್ದರು. ಲಿಬ್ರಾದೊ ಬೆವರಿನಲ್ಲಿ ನೆಂದುಹೋದ. ಆದರೆ ಪ್ರತಿ ಸಲವೂ ಕೈ ಎತ್ತಿ ಹಾರ್ಗಿಸ್‌ನ ಕಡೆ ತೋರಿಸಿ ಅದೇ ಮಾತು ಹೇಳಿದ: ಇವನು, ಕುದುರೆ ಮೇಲಿಂದ, ಮರಿ ಹಿಡಿದಿದ್ದವನಿಗೆ. ತಪ್ಪಿತಸ್ಥನೋ ಅಲ್ಲವೋ ಎಂದು ಹೇಳಲು ಕೂರಿಸಿದ್ದ ಪಂಚರಲ್ಲಿ ನಮ್ಮವರೂ ಇದ್ದರು, ಅವರ ಕಡೆಯವರೂ ಇದ್ದರು. ಒಳಗೆ ಹೋಗಿ ಮಾತಾಡಿಕೊಂಡು ಬಂದರು. ಕೊಲೆ ಅಂದರು. ನಮ್ಮ ಜಿಲ್ಲೆಯಲ್ಲಿ ನಮ್ಮವನ ಸಾವಿಗೆ ಆ ಶಬ್ದ ಅದಕ್ಕೆ ಮುಂಚೆ ಯಾರ ಬಾಯಿಂದಲೂ ಬಂದಿರಲಿಲ್ಲ.

ನೇಣು ಮಾತ್ರ ಇಲ್ಲ. ಉತ್ತರದ ಕಲ್ಲಿನ ಸೆರೆಮನೆಯಲ್ಲಿ ಹಲವು ವರ್ಷ.

“ಇಷ್ಟೇನಾ?” ಎಂದು ಹೊರಗೆ ಬಂದಾಗ ನಮ್ಮವರೇ ಅಂದರು. “ಕುದುರೆ ಕದ್ದೋನಿಗೂ ಇಷ್ಟೇ ಅಲ್ವಾ?”

ಎಲಿಸೆಯೊ ನೇರ ಸ್ಮಶಾನದ ಕಡೆ ತಿರುಗಿದ. ನಾನು ಅವನ ತೋಳು ಹಿಡಿದೆ.

“ತಡಿಯೋ. ಅವನನ್ನ ಇನ್ನೂ ಕಣಿವೆ ದಾಟಿಸಿ ಕರ್ಕೊಂಡು ಹೋಗ್ಬೇಕು ನೀನು. ಈಗ ಹಾಕಿದ್ರೆ ಎಲ್ಲರ ಕೈ ಬಿಚ್ಚಿದ ಹಾಗೆ. ಸೆರೆಮನೆಗೆ ಬಿಟ್ಟು ಬಂದ್ಮೇಲೆ ಹಾಕು. ಯಾರು ಕೇಳ್ತಾರೆ?”

“ತೀರ್ಪಿನ ದಿನ ಅಂತ ಹೇಳಿದ್ದೀನಕ್ಕ. ತೀರ್ಪಾಯ್ತು. ಇನ್ನೊಂದು ದಿನ ಇಟ್ಕೊಂಡ್ರೆ ಲಿಬ್ರಾದೊ ಹೇಳಿದ್ದು ನಿಜ, ಮೋಸ. ಮಗನ ಮಣ್ಣಿನ ಹಿಂದೆ ಬಚ್ಚಿಟ್ಕೊಂಡಿದ್ದೆ ಅಂತ ಆಗುತ್ತೆ.”

ಜನರೆಲ್ಲ ನೋಡುತ್ತಿರುವಂತೆಯೇ ಹೋದ. ಗುಂಡಿಯ ಮೇಲೆ ಆಗಲೇ ಹುಲ್ಲು ಚಿಗುರಿತ್ತು. ಹುಲ್ಲನ್ನು ಬೆರಳಲ್ಲಿ ಸರಿಸಿ, ಚೀಲ ಬಿಚ್ಚಿ, ಮಣ್ಣು ಹಾಕಿ, ಅಂಗೈಯಿಂದ ಒತ್ತಿದ. ನೆಸ್ತೋರ್‌ನ ತಾಯಿ ಅಷ್ಟು ದಿನದ ಮೇಲೆ ಜೋರಾಗಿ ಅತ್ತಳು. ಕಾಸಿಮಿರೊ ಗೋಡೆಯಾಚೆ ನಿಂತು ನೋಡಿ ಹೋದ. ಅವನ ಹಿಂದೆ ನಾಲ್ಕೈದು ಗಂಡಸರು ತಲೆ ತಲೆ ಸೇರಿಸಿ ಏನೋ ಮಾತಾಡುತ್ತ ಹೋದರು. ಕಣಿವೆಯ ಕಡೆ ಕೈ ತೋರಿಸಿದ್ದನ್ನು ನಾನು ಕಂಡೆ.

ಮಾರನೆಯ ಬೆಳಿಗ್ಗೆ ಬಿಸಿಲು ಬಂದ ಮೇಲೆ ಎಲಿಸೆಯೊ ಗಾಡಿ ಕಟ್ಟಿದ. ಹಾರ್ಗಿಸ್‌ನನ್ನು ಹಿಂದೆ ಕೂರಿಸಿ ಕಾಲಿಗೆ ಸರಪಳಿ ಹಾಕಿದ. ಪಿಸ್ತೂಲು ಈ ಸಲ ಸೊಂಟದಲ್ಲಿತ್ತು. ನಾನು ನೀಲಿ ಮೆಕ್ಕೆಜೋಳದ ರೊಟ್ಟಿ, ಒಣಗಿಸಿದ ಮಾಂಸ, ಮೆಣಸಿನಕಾಯಿ ಗೊಜ್ಜು ಕಟ್ಟುತ್ತಿದ್ದೆ. ಅಳಬಾರದು ಎಂದುಕೊಂಡು ಗಂಟಿನ ಮೇಲೆ ಗಂಟು ಹಾಕುತ್ತಿದ್ದೆ.

ಅಂಗಳದಲ್ಲಿ ಹೆಜ್ಜೆ ಸದ್ದಾಯಿತು. ಕಾಸಿಮಿರೊ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕುರಿಯ ಕೋಲು.

“ಎಷ್ಟು ಜನಕ್ಕೆ ಕಟ್ತಿದ್ದೀಯಾ, ಎದುವಿಗೆನ್?”

“ಇಬ್ಬರಿಗೆ.”

“ಮೂವರಿಗೆ ಕಟ್ಟು.”

ಎಲಿಸೆಯೊ ಲಗಾಮು ಹಿಡಿದವನು ಹಾಗೇ ನಿಂತ. ಕಾಸಿಮಿರೊ ಗಾಡಿಯ ಗಾಲಿಗೆ ಕಾಲು ಕೊಟ್ಟು ಮೇಲೆ ಹತ್ತಿ, ಮುಂದಿನ ಹಲಗೆಯ ಮೇಲೆ ಕಂಬಳಿ ಹಾಸಿ ಕೂತ. ಹಿಂದೆ ತಿರುಗಿ ಹಾರ್ಗಿಸ್‌ನನ್ನು ನೋಡಲಿಲ್ಲ.

“ಕಣಿವೆ ಬಂಡೆ ಮೇಲೆ ಹುಡುಗ್ರು ಕೂತಿದ್ದಾರೆ. ನಾನು ಹೋಗಬೇಡಿ ಅಂದೆ, ಕೇಳ್ಲಿಲ್ಲ. ನಾನು ಗಾಡಿ ಮೇಲಿದ್ರೆ ಹೊಡೆ‌ಯಲ್ಲ.”

“ಕೊಂಪಾದ್ರೆ,” ಅಂದ ತಮ್ಮ. “ಇವನನ್ನ ಕ್ಷಮಿಸಿದ್ರಾ?”

“ಇಲ್ಲ.”

“ನನ್ನನ್ನ?”

ಕಾಸಿಮಿರೊ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡ.

“ಅಷ್ಟು ದೂರ ಇದೆ, ಬಿಸಿಲೇರುತ್ತೆ. ಗಾಡಿ ಹೊಡೀರಿ,” ಅಂದ.